ನಕಲಪ್ಪ ಮರಳಿ ತಂದ ಭಾನುವಾರ

ಕಚೇರಿಯಲ್ಲಿ ಅವರನ್ನು ಎದುರಿಗೆ ಸರ್ ಎನ್ನುತ್ತಿದ್ದರು, ಬೆನ್ನ ಹಿಂದೆ ನಕಲಪ್ಪ. ಹೆಸರೇನೂ ಸುಮ್ಮನೆ ಬಂದದ್ದಲ್ಲ. ಮನೆ ಕೀಲಿ, ಕನ್ನಡಕ, ಕೊಡೆ, ಕೊನೆಗೆ ದಿನಸಿ ಚೀಟಿ, ಎಲ್ಲಕ್ಕೂ ಅವರ ಬಳಿ ಎರಡನೆಯ ಪ್ರತಿ ಇರುತ್ತಿತ್ತು. "ನನಗೂ ಒಂದು ನಕಲು ಮಾಡಿಸಿಟ್ಟಿದ್ದೀರೇನೋ. ಯಾವ ಕಪಾಟಲ್ಲಿದ್ದಾಳೆ ಹೇಳಿ, ಪಾತ್ರೆ ತೊಳೆಯಕ್ಕಾದ್ರೂ ಕರೀತೀನಿ" ಎಂದು ಹೆಂಡತಿ ಕಾಲೆಳೆಯುತ್ತಿದ್ದಳು. ನಗಬೇಡಿ. ಇಪ್ಪತ್ತೆಂಟು ವರ್ಷದಲ್ಲಿ ಮೂರು ಸಲ ಯಂತ್ರಗಳು ಕೈಕೊಟ್ಟಾಗ ಕಚೇರಿಯ ಮಾನ ಉಳಿಸಿದ್ದು ಅವರು ತೆಗೆದಿಟ್ಟ ಪ್ರತಿಗಳೇ.

ಈಗ ಆ ಕಚೇರಿಯ ಕೆಲಸ ಜನರ ಕ್ರಿಪ್ಟೊ ನಾಣ್ಯಗಳನ್ನು ಕಾಯುವುದು. ಅವು ಕೈಗೆ ಸಿಗುವ ನಾಣ್ಯಗಳಲ್ಲ. ಗುಟ್ಟಿನ ಕೀಲಿಯಿಂದ ಡಿಜಿಟಲ್ ಸಹಿ ಹಾಕಬಲ್ಲವನೇ ಅವುಗಳ ಒಡೆಯ. ನಾಳೆ ಬರುವ ಕ್ವಾಂಟಮ್ ಕಂಪ್ಯೂಟರ್ ಹಳೆಯ ಬಗೆಯ ಸಹಿಯನ್ನು ಮುರಿದೀತೆಂದು ಹೆದರಿ ಹ್ಯಾಶ್ ಆಧಾರದ ಹೊಸ ಸಹಿಯನ್ನು ತಂದರು. ಅದನ್ನು ಕಟ್ಟಿದವಳು ಹೊಸದಾಗಿ ಸೇರಿದ್ದ ಎಂಜಿನಿಯರ್ ಹುಡುಗಿ.

"ಹ್ಯಾಶ್ ಅಂದ್ರೆ ಹಿಟ್ಟು ಬೀಸಿದ ಹಾಗೆ ಸರ್, ಹಿಟ್ಟಿಂದ ಮತ್ತೆ ಕಾಳು ಬರಲ್ಲ. ಅದನ್ನ ಯಾವ ಕಂಪ್ಯೂಟರಿಗೂ ತಿರುಗಿಸೋದು ಕಷ್ಟ. ಆದ್ರೆ ಒಂದು ಸಹಿ ಹಾಕಿದ್ರೆ ಆ ಕೀಲಿಯ ಅರ್ಧ ಗುಟ್ಟು ಹೊರಗೆ ಬೀಳತ್ತೆ. ಅದೇ ಕೀಲೀಲಿ ಇನ್ನೊಂದು ಹಾಕಿದ್ರೆ ಕಳ್ಳ ಎರಡನ್ನೂ ಜೋಡಿಸಿ ನಮ್ಮ ಸಹಿ ತಾನೇ ಹಾಕ್ತಾನೆ. ಅದಕ್ಕೇ ಒಂದು ಕೀಲಿ ಒಂದೇ ಸಲ. ಎಷ್ಟು ಮುಗಿದ್ವು ಅಂತ ಯಂತ್ರ ಎಣಿಸ್ಕೊಳ್ಳತ್ತೆ. ಹಳೇ ಪ್ರತಿ ಮಾತ್ರ ಯಾವತ್ತೂ ಹಾಕ್ಬೇಡಿ, ಎಣಿಕೆ ಹಿಂದಕ್ಕೆ ಹೋಗತ್ತೆ."

"ಆಯ್ತಮ್ಮಾ" ಎಂದರು. ಅರ್ಥವಾದದ್ದು ಅರ್ಧ. ಮಗಳ ವಯಸ್ಸಿನವಳನ್ನು ಇನ್ನೊಮ್ಮೆ ಕೇಳಲು ಹಮ್ಮು ಬಿಡಲಿಲ್ಲ. ಹಳೇ ಪ್ರತಿ ಬೇಡವಂತೆ! ಒಳಗೊಳಗೇ ನಕ್ಕು, ಪ್ರತಿ ಭಾನುವಾರ ಯಂತ್ರದೊಳಗಿನ ಕೀಲಿ, ಎಣಿಕೆ ಎಲ್ಲಕ್ಕೂ ಒಂದೊಂದು ನಕಲು ತೆಗೆದಿಟ್ಟರು. ಕಚೇರಿಯವರಿಗೆ ಗುರುತಿನ ಕಾರ್ಡ್ ಮಾಡಿಕೊಡುವವರೂ ಅವರೇ. ಹುಡುಗಿ ಮರೆತು ಬಂದರೆ ಇರಲಿ ಎಂದು ಅವಳ ಕಾರ್ಡಿಗೂ ಒಂದು ನಕಲು ಮಾಡಿ ಜೇಬಿಗಿಳಿಸಿದರು. ಅವಳಿಗೂ ಹೇಳಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಸಹಿಯ ಯಂತ್ರ ನಿಂತುಹೋಯಿತು. ಹುಡುಗಿ ನೆಲಮಾಳಿಗೆಯಲ್ಲಿ ಒಬ್ಬಳೇ ತಂತಿ ಬದಲಿಸುತ್ತಿದ್ದಳು. ಕರೆಯಬಹುದಿತ್ತು, ಕರೆಯಲಿಲ್ಲ. ಪ್ರತಿ ಹಾಕಲು ಯಂತ್ರ ಅವಳ ಕಾರ್ಡನ್ನೇ ಕೇಳುತ್ತಿತ್ತು. ಜೇಬಿನ ನಕಲು ಕಾರ್ಡ್ ತೋರಿಸಿ ಭಾನುವಾರದ ಪ್ರತಿ ಹಾಕಿದರು. ಯಂತ್ರ ಎದ್ದಿತು. ತಮ್ಮ ಬೆನ್ನು ತಾವೇ ತಟ್ಟಿಕೊಂಡು ಚಹಾ ಕುಡಿದರು.

ಪಾಪದ ಯಂತ್ರ! ಅದಕ್ಕೆ ಅಂದು ಇನ್ನೂ ಭಾನುವಾರ. ಸೋಮವಾರ ಮುಗಿದ ಕೀಲಿಗಳನ್ನೆಲ್ಲ ಹೊಸವೆಂದೇ ತಿಳಿದು ಮತ್ತೆ ಸಹಿ ಹಾಕಿತು, ಇಪ್ಪತ್ಮೂರು ಸಲ. ಸಂಜೆ ಹುಡುಗಿ ಅದನ್ನು ಕಂಡು, ಎಲ್ಲ ನಾಣ್ಯಗಳನ್ನೂ ಹೊಸ ಕೀಲಿಗಳಿಗೆ ಸಾಗಿಸಿದಳು. ಕಳ್ಳರಿಗೆ ಏನೂ ಸಿಗಲಿಲ್ಲ.

ಮರುದಿನ ಎಲ್ಲರ ಮುಂದೆ ಮ್ಯಾನೇಜರ್ ಯಂತ್ರದ ದಾಖಲೆ ತೋರಿಸಿದರು. "ನಿನ್ನ ಕಾರ್ಡು, ನಿನ್ನ ಹೆಸರು. ಇನ್ಯಾರಮ್ಮ ಮಾಡ್ತಾರೆ? ಶುಕ್ರವಾರದೊಳಗೆ ತಪ್ಪೊಪ್ಪಿಗೆ ಬರೆದುಕೊಡು. ಕೆಲಸದ ವಿಷಯ ಆಮೇಲೆ ನೋಡೋಣ."

ನಕಲು ಕಾರ್ಡ್ ನಕಲಪ್ಪನವರ ಜೇಬಿನಲ್ಲೇ ಇತ್ತು. ನಾಚಿಕೆಯಿಂದ ಕಿವಿ ಕಾದವು, ಆದರೂ ಮೇಜಿನ ಮೇಲಿನ ಚಹಾದ ಕಲೆ ನೋಡುತ್ತ ಕುಳಿತರು.

ಗುರುವಾರ ಅವಳೇ ಅವರ ಮೇಜಿಗೆ ಬಂದಳು. ಕಣ್ಣು ಕೆಂಪಾಗಿತ್ತು. "ಸರ್, ಮಂಗಳವಾರ ನೀವು ಮೇಲೇ ಇದ್ರಲ್ಲ, ನಾನು ಮಧ್ಯೆ ಯಂತ್ರದ ಹತ್ರ ಬಂದಿದ್ನಾ? ನಾನೇ ಮಾಡಿ ಮರೆತಿದ್ದೀನೇನೋ ಅನ್ನಿಸ್ತಿದೆ. ನೀವು ಹೇಳಿದ್ರೆ ನಂಬ್ತೀನಿ."

"ಗಮನಿಸ್ಲಿಲ್ಲಮ್ಮಾ." ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವರಿಗೇ ತಮ್ಮ ಮೇಲೆ ಹೇಸಿಗೆಯಾಯಿತು.

ಮನೆಗೆ ಬಂದು ತಟ್ಟೆಯ ಮುಂದೆ ಕುಳಿತರೆ ತುತ್ತು ಇಳಿಯಲಿಲ್ಲ. ಹೆಂಡತಿಗೆ ಎಲ್ಲ ಹೇಳಿದರು. ಅಂದು ಅವಳು ತಮಾಷೆ ಮಾಡಲಿಲ್ಲ. "ಆ ಮಗುವಿಗೆ ತನ್ನ ತಲೆಯೇ ಕೆಟ್ಟಿದೆ ಅನ್ನೋ ಹಾಗೆ ಮಾಡಿ, ಊಟಕ್ಕೆ ಕೂತಿದ್ದೀರಲ್ರೀ" ಎಂದು ತಟ್ಟೆ ಎತ್ತಿಕೊಂಡು ಹೋದಳು.

ಶುಕ್ರವಾರ ಅವರು ಎಲ್ಲರ ಮುಂದೆ ಆ ಕಾರ್ಡನ್ನು ಮ್ಯಾನೇಜರ್ ಮೇಜಿನ ಮೇಲಿಟ್ಟು, ನಡೆದದ್ದನ್ನು ಒಂದೂ ಬಿಡದೆ ಹೇಳಿದರು. ಹುಡುಗಿ ಬರೆದಿದ್ದ ತಪ್ಪೊಪ್ಪಿಗೆಯನ್ನು ಮ್ಯಾನೇಜರ್ ಹರಿದುಹಾಕಿದರು. ನಕಲಪ್ಪನವರಿಗೆ ಅಂದೇ ಕೆಲಸ ಹೋಯಿತು. ಅದೇನೂ ಅವರಿಗೆ ಅಷ್ಟು ನೋಯಲಿಲ್ಲ.

ಬಾಗಿಲ ಬಳಿ ಅವಳನ್ನು ನಿಲ್ಲಿಸಿ ಕೈ ಮುಗಿದರು. "ಎಲ್ಲ ಮೊದಲಿನ ಹಾಗೇ ಆಯ್ತಲ್ಲಮ್ಮಾ, ಕ್ಷಮಿಸಿಬಿಡು."

ಅವಳು ಸಿಟ್ಟಾಗಲಿಲ್ಲ. "ಮೂರು ದಿನ ನನ್ನ ಮೇಲೆ ನನಗೇ ನಂಬಿಕೆ ಹೋಗಿತ್ತು ಸರ್. ನಿನ್ನೆ ರಾತ್ರಿ ಗ್ಯಾಸ್ ಆರಿಸಿದ್ನಾ ಅಂತ ಆರು ಸಲ ಎದ್ದು ನೋಡಿದೆ. ಈಗ್ಲೂ ನೋಡ್ಬೇಕು ಅನ್ಸತ್ತೆ. ಆ ನಂಬಿಕೆಗೆ ಭಾನುವಾರದ ಪ್ರತಿ ಇಟ್ಟಿದ್ದೀರಾ?"

ಎಲ್ಲಕ್ಕೂ ಎರಡೆರಡು ಇಟ್ಟುಕೊಂಡಿದ್ದ ಮನುಷ್ಯ ಮುಗಿದ ಕೈಯನ್ನು ಇಳಿಸಿ, ಅಭ್ಯಾಸದಂತೆ ಜೇಬು ತಡಕಿದರು. ಅದು ಖಾಲಿಯಿತ್ತು.