ಬಲಗೈಗೆ ಬಸದಿ

ಮನೆಯಿಂದ ಹೊರಬಿದ್ದರೆ ನಾನು ಬಲಕ್ಕೇ ಹೊರಳುವವನು. ಊರ ನಡುವೆ ಬಸದಿಯಿದೆ, ಊರ ಸುತ್ತಲೂ ರಸ್ತೆಯಿದೆ, ಮನೆಗಳೆಲ್ಲ ಅದರ ಒಳಬದಿಗೆ. ಬಸದಿಯನ್ನು ಬಲಗೈಗೆ ಇಟ್ಟುಕೊಂಡು ಹೋದರೆ ಕೆಲಸವೂ ಆಗುತ್ತದೆ, ಪ್ರದಕ್ಷಿಣೆಯೂ ಆಗುತ್ತದೆ. ಇಚಲಕರಂಜಿಯ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಬಿಟ್ಟವನಿಗೆ ಇಂಥ ಶಿಸ್ತು ಸಹಜ.

ದ್ವೀಪ ನೋಡಲು ಜನ ವಿಮಾನ ಹತ್ತುತ್ತಾರೆ. ಶಿರೋಳ ಸೀಮೆಯ ನಮಗೆ ಆ ಖರ್ಚಿಲ್ಲ. ಹೊಳೆಗೆ ಮಹಾಪೂರ ಬಂದರೆ ನಮ್ಮ ಊರೇ ದ್ವೀಪ. ಬಸ್ಸು ನಿಲ್ಲುತ್ತದೆ, ಕಬ್ಬಿನ ತುದಿಗಳಷ್ಟೇ ನೀರ ಮೇಲೆ ಕಾಣುತ್ತವೆ. ಉಳಿಯುವುದು ಊರು ಸುತ್ತುವ ಆ ಒಂದು ರಸ್ತೆ, ಅದರ ಮೇಲೆ ನಾನು ಮತ್ತು ನನ್ನ ಸ್ಕೂಟರ್.

ಕಳೆದ ಪೂರದಲ್ಲಿ ತಗ್ಗಿನ ಓಣಿಯವರು ನನ್ನ ನಾದಿನಿಯ ಮನೆಗೆ ಬಂದು ಉಳಿದಿದ್ದರು. ಅವರಿಗೆ ರೊಟ್ಟಿ ಬಡಿಯಲು ನನ್ನ ಹೆಂಡತಿ ಬೆಳಿಗ್ಗೆಯೇ ಹೋಗಿದ್ದಳು. ಅಂದು ಅವಳಿಗೆ ಏಕಾಶನ, ಅಂದರೆ ದಿನಕ್ಕೆ ಒಂದೇ ಊಟ. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಯಾರೂ ಉಣ್ಣುವುದಿಲ್ಲ. ನನ್ನನ್ನು ಬಿಟ್ಟು ಉಣ್ಣಬಾರದೆಂದು ಅವಳು ಸಂಜೆಯವರೆಗೆ ಹಸಿದೇ ಇದ್ದಳು. ಕರೆತರಲು ಹೋದೆ.

"ಎಡಕ್ಕ ಹೊಳ್ಳಸ್ರಿ, ಮನಿ ಇಲ್ಲೇ ಐತಿ. ಹೊತ್ತು ಮುಣಗಾಕತ್ತೈತಿ," ಎಂದಳು.

"ಬಸದಿ ಎಡಕ್ಕ ಇಟಗೊಂಡು ಹೋಗೂದೇನ? ಗಾಡಿ ಐತಿ, ಈಗ ಮುಟ್ತೀವಿ ತಗೊ," ಎಂದು ಬಲಕ್ಕೆ ಹೊರಳಿಸಿದೆ.

ಅರ್ಧ ಊರು ಸುತ್ತಿದ ಮೇಲೆ ನೋಡಿದರೆ ರಸ್ತೆಯೇ ನೀರಿನೊಳಗೆ ಇಳಿದಿತ್ತು.

"ಕಂಟ್ರೋಲರ್ ಸಾಹೇಬ್ರ, ನಿಮ್ಮ ಗಾಡಿಗೆ ಹುಟ್ಟು ಅದಾವೇನ್ರಿ?" ಎಂದಳು ಹಿಂದೆ ಕುಳಿತವಳು.

ತೆಪ್ಪಗೆ ಗಾಡಿ ಹಿಂದಕ್ಕೆ ತಿರುಗಿಸಿದೆ. ಬಸದಿ ಎಡಗೈಗೇ ಬಂತು. ನಾದಿನಿ ಬಾಗಿಲಲ್ಲೇ ನಿಂತು ಕೈ ಅಡ್ಡ ಹಿಡಿದಳು. "ಏನ್ ಮಾವಾರ, ಅಕ್ಕಗ ಊರ ತೋರಿಸಿದ್ರೇನ? ಲಗೂನ ಬರ್ರಿ, ಇಲ್ಲೇ ಉಣ್ರಿ."

ತಾಟಿನ ಮುಂದೆ ಕುಳಿತ ಹೆಂಡತಿ ರೊಟ್ಟಿ ಮುರಿಯುವ ಮುನ್ನ ನನ್ನತ್ತ ನೋಡಿದಳು. "ಹೊತ್ತ ಐತೇನ್ರಿ?"

ಮೋಡದೊಳಗೆ ಸೂರ್ಯ ಎಲ್ಲಿದ್ದನೋ ಯಾರಿಗೂ ಕಾಣುತ್ತಿರಲಿಲ್ಲ. ನನ್ನ ಗಡಿಯಾರಕ್ಕೆ ಮಾತ್ರ ಗೊತ್ತಿತ್ತು. ಒಂದು ಸುಳ್ಳು ಹೇಳಬಹುದಿತ್ತು, ಬಾಯಿ ಬರಲಿಲ್ಲ. "ಮುಣಗೇತಿ," ಎಂದೆ.

ತಾಟು ಮೆಲ್ಲಗೆ ಸರಿಸಿ ನಕ್ಕಳು. "ಇರಲಿ ಬಿಡ್ರಿ. ಪ್ರದಕ್ಷಿಣಿ ಆಗಲಿಲ್ಲ, ಉಪಾಸರೆ ಆತು. ಪುಣ್ಯದಾಗ ನಿಮಗೂ ಅರ್ಧಾ."

ನಾನೂ ಉಣ್ಣದೆ ಎದ್ದೆ.

ಮರುದಿನವೂ ಕರೆತರಲು ಹೋದೆ. ಅವಳು ರೊಟ್ಟಿಯ ಗಂಟು ಹಿಡಿದು ಹಿಂದೆ ಕುಳಿತಳು. ನಾನೇ ಎಡಕ್ಕೆ ಹೊರಳಿಸಿದೆ. ಬಸದಿ ಎಡಗೈಗಿತ್ತು. ಏನೂ ಆಗಲಿಲ್ಲ. ಹೊತ್ತಿರುವಾಗಲೇ ಮನೆಯಲ್ಲಿ ಉಣ್ಣಲು ಕುಳಿತೆವು, ರೊಟ್ಟಿ ಇನ್ನೂ ಬಿಸಿಯಾಗಿತ್ತು.