ಎಡಗಿವಿ ಮುಟ್ಟುವ ಆಟ

ನಗರದ ಅಂಚಿನ ಖರಾಡಿಯಲ್ಲಿ ದೊಡ್ಡ ಕಟ್ಟಡಗಳು ಆಗಷ್ಟೇ ಏಳುತ್ತಿದ್ದ ದಿನಗಳವು. ಯಾದಗಿರಿ ಕಡೆಯಿಂದ ದುಡಿಯಲು ಬಂದ ನಾವು ಐದು ಮಂದಿ ಅಲ್ಲೊಂದು ತಗಡಿನ ಶೆಡ್ಡಿನಲ್ಲಿದ್ದೆವು. ಬೆಳಗಾದರೆ ಒಲೆಯ ಹೊಗೆ, ಹಸಿ ಸಿಮೆಂಟಿನ ವಾಸನೆ, ಅವ್ವ ರೊಟ್ಟಿ ಬಡಿಯುವ ಸದ್ದು. ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಟ್ಟು ಅಪ್ಪ, ಅವ್ವ ಕೆಲಸಕ್ಕೆ ಹೋದರೆ ಸಂಜೆಯವರೆಗೆ ತಮ್ಮ ನನ್ನ ಮತ್ತು ಅಕ್ಕನ ಪಾಲು. ಅವನಿಗಿನ್ನೂ ವರ್ಷ ತುಂಬಿರಲಿಲ್ಲ.

ಆ ಬೇಸಿಗೆಯಲ್ಲಿ ನನಗೂ ಅಕ್ಕನಿಗೂ ಒಂದೇ ಆಟ. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟುವುದು. ಹುಟ್ಟಿದ ದಿನದ ಕಾಗದ ನಮ್ಮಂಥವರ ಹತ್ತಿರ ಎಲ್ಲಿಂದ ಬರಬೇಕು? ಕಿವಿಗೆ ಕೈ ಎಟಕಿದರೆ ಶಾಲೆಗೆ ಸೇರಿಸಿಕೊಳ್ಳುತ್ತಿದ್ದರು. ನನಗಿಂತ ಒಂದೂವರೆ ವರ್ಷ ದೊಡ್ಡವಳಾದ ಅಕ್ಕನ ಬೆರಳು ಕಿವಿ ದಾಟಿ ಕೆನ್ನೆಗೇ ಬರುತ್ತಿತ್ತು. ನನ್ನದು ಕಷ್ಟಪಟ್ಟು ತುದಿ ತಾಕುತ್ತಿತ್ತು. ಮನೆಯಿಂದ ಒಬ್ಬಳಷ್ಟೇ ಹೋಗಬಹುದು, ಇನ್ನೊಬ್ಬಳು ಕೂಸು ನೋಡಬೇಕು. ಅಕ್ಕನಿಗೆಂದೇ ಅವ್ವ ಬರೆಯುವ ಪಾಟಿಯೊಂದನ್ನು ತಂದಿದ್ದಳು. ಅದನ್ನು ಪಕ್ಕದಲ್ಲಿಟ್ಟುಕೊಂಡೇ ಅಕ್ಕ ಮಲಗುತ್ತಿದ್ದಳು.

ಶಾಲೆಗೆ ಹೋಗುವ ಹಿಂದಿನ ದಿನ ತಮ್ಮನನ್ನು ನನಗೆ ಒಪ್ಪಿಸಿ ಅಕ್ಕ ನೀರು ತರಲು ಹೋದಳು. ನಾನು ಫರಸಿ ಕಲ್ಲಿನ ಚೂರು ಹಿಡಿದು ಕುಂಟಾಟದಲ್ಲಿ ಮೈಮರೆತೆ. ಅವಳು ಬರುವಷ್ಟರಲ್ಲಿ ಕೂಸು ನೀರಿನ ಹೊಂಡದ ಅಂಚಿಗೆ ಹೋಗಿತ್ತು. ಓಡಿಬಂದು ಅವುಚಿಕೊಂಡಳು. ನನ್ನನ್ನು ಬೈಯಲಿಲ್ಲ, ಅವ್ವನಿಗೆ ಹೇಳಲೂ ಇಲ್ಲ.

ಮರುದಿನ ಅವ್ವ ನಮ್ಮನ್ನೆಲ್ಲ ಕರೆದುಕೊಂಡು ಶಾಲೆಗೆ ಹೋದಳು. ಅಲ್ಲಿನ ಟೀಚರು ಬೆಳಗಾವಿಯವರು.

“ಹೆಸರ ಆಮ್ಯಾಲ. ಮೊದಲ ಕಿವಿ ಮುಟ್ಟವಾ,” ಎಂದರು ಅಕ್ಕನಿಗೆ.

ಅಕ್ಕನ ಕೈ ನೆತ್ತಿಯ ಮೇಲೇ ನಿಂತಿತು. “ಎಟಕವಲ್ದ್ರಿ.”

“ಇಷ್ಟ ದೊಡ್ಡಾಕಿ ಕಾಣ್ತಿ, ಎಟಕಂಗಿಲ್ಲ ಅಂದ್ರ ಹೆಂಗ?”

“ನನ್ನ ತಂಗಿದು ಎಟಕ್ತದ್ರಿ. ಆಕಿನ್ನ ಬರಕೋರ್ರಿ.” ಆಮೇಲೆ ಅವ್ವನ ಕಡೆ ತಿರುಗಿ ಹೇಳಿದಳು, “ಕೂಸು ನನ್ನ ಹತ್ರನ ಸುಮ್ಮನಿರ್ತದ ಯವ್ವಾ.”

ಅವ್ವ ಕೂಸನ್ನು ಅಕ್ಕನ ಕಂಕುಳಿಗೆ ಕೊಟ್ಟಳು. ಕೈ ಎಟಕುವುದಿಲ್ಲ ಎಂದು ಅಕ್ಕ ಹೇಳಿದ್ದು ಸುಳ್ಳು ಎಂದು ನನಗೆ ಗೊತ್ತಿತ್ತು. ಆದರೂ ಕತ್ತು ವಾರೆ ಮಾಡಿ ಕಿವಿ ಮುಟ್ಟಿ ತೋರಿಸಿದೆ. ನನಗೂ ಶಾಲೆ ಬೇಕಾಗಿತ್ತು.

ಈಗ ಅದೇ ನಗರದ ಸದಾಶಿವ ಪೇಠದ ಒಂದು ಟ್ಯೂಷನ್ ಕ್ಲಾಸಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಬಡತನದ ಕಾರಣಗಳು ಎಂದು ಪಟ್ಟಿ ಬರೆಸುವಾಗ ಶಿಕ್ಷಣದ ಕೊರತೆ ಎಂಬುದೂ ಬರುತ್ತದೆ. ಆ ಕೊರತೆ ಹೇಗೆ ಬಂತು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಹೇಳುವ ಧೈರ್ಯ ನನಗೂ ಇಲ್ಲ.

ಅಕ್ಕ ಇಂದಿಗೂ ಮರಳಿನ ಬುಟ್ಟಿ ಹೊರುತ್ತಾಳೆ. ಹೋದ ತಿಂಗಳು ಅವಳ ಶೆಡ್ಡಿಗೆ ಹೋದಾಗ, ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟೆ.

“ಅವತ್ತ ನಿನ್ನ ಕೈ ಎಟಕ್ತಿತ್ತಲ್ಲಕ್ಕಾ?”

ಅವಳು ನಕ್ಕಳು. ಬಲಗೈಯನ್ನು ಮೆಲ್ಲಗೆ ಎತ್ತಿದಳು. ಭುಜದ ಮಟ್ಟಕ್ಕೆ ಬಂದು ಕೈ ನಿಂತುಬಿಟ್ಟಿತು.

“ಈಗ ನೋಡು,” ಎಂದಳು, “ಖರೇನ ಎಟಕವಲ್ದು.”