ಹೂರಣದ ಗಾಳ

ನಾನು ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಸಸ್ಯಾಹಾರಿ. ನಾನು ಗಾಳ ಹಾಕಿ ಮೀನು ಹಿಡಿಯುತ್ತೇನೆ. ಈ ಎರಡು ಮಾತನ್ನು ಬೇರೆ ಬೇರೆ ದಿನ ಹೇಳಿದರೆ ಯಾರಿಗೂ ತಕರಾರಿಲ್ಲ. ಒಟ್ಟಿಗೆ ಹೇಳಿದರೆ ಮಾತ್ರ ಜನ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು ನನ್ನನ್ನು ವಿಚಾರಣೆಗೆ ನಿಲ್ಲಿಸುತ್ತಾರೆ. ಹೋದ ವರ್ಷ, ಎಲ್ಲರೂ ಒಂದೊಂದು ಅಡುಗೆ ಮಾಡಿ ತರುವ ಒಂದು ಪಾಟ್‌ಲಕ್ಕಿನಲ್ಲಿ, ಒಬ್ಬ ಡಾಕ್ಟರು ಕೋಳಿಯ ಕಾಲನ್ನು ಕೈಯಲ್ಲಿ ಹಿಡಿದುಕೊಂಡೇ ನನಗೆ ದಯೆಯ ಪಾಠ ಹೇಳಿದರು. “ತಿನ್ನೋದಿಲ್ಲ ಅಂದ್ಮೇಲೆ ಯಾಕ್ರೀ ಹಿಡೀತೀರ?” ಹಿಡಿದು ವಾಪಸ್ ಬಿಟ್ಟುಬಿಡುತ್ತೇನೆ ಎಂದೆ. “ಅದು ಇನ್ನೂ ಕ್ರೂರ ಅಲ್ವಾ?” ಎಂದು ಕೇಳಿ, ಆ ಕಾಲನ್ನು ನೆಮ್ಮದಿಯಿಂದ ಕಚ್ಚಿದರು. ಸಿಟ್ಟು ಬಂದಾಗ ನನಗೆ ಉತ್ತರ ಹೊಳೆಯುವುದು ಕಾರಿನಲ್ಲಿ ಕೂತು ಅರ್ಧ ದಾರಿ ಬಂದ ಮೇಲೆ.

ನಮ್ಮ ಮನೆ ಇರುವುದು ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ. ಹಿತ್ತಲಿನ ಹುಲ್ಲು ಮುಗಿಯುವಲ್ಲಿ ಒಂದು ಹೊಂಡವಿದೆ. ಮನೆ ಮಾರಿದವರು ಅದನ್ನು ಲೇಕ್ ಎಂದಿದ್ದರು. ಈ ದಡದಿಂದ ಚಪ್ಪಲಿ ಎಸೆದರೆ ಆ ದಡದಲ್ಲಿ ಬೀಳುತ್ತದೆ, ಅಷ್ಟೇ ಲೇಕ್. ಅದರಲ್ಲಿ ಕಾರ್ಪ್ ಮೀನುಗಳಿವೆ, ನಮ್ಮ ಕಡೆಯ ಕೆರೆಗಳ ಗೆಂಡೆಯ ಬಳಗದವು. ದಪ್ಪ ತುಟಿ, ಅದರ ಪಕ್ಕದಲ್ಲಿ ಇಳಿಬಿದ್ದ ಮೀಸೆ, ಕಂಚಿನ ಬಣ್ಣದ ಮೈ, ಯಾವ ಅವಸರವೂ ಇಲ್ಲದ ನಡಿಗೆ. ನಾನು ಕಂಡ ಜೀವಿಗಳಲ್ಲಿ ಇಷ್ಟು ಮರ್ಯಾದಸ್ಥ ಪ್ರಾಣಿ ಇನ್ನೊಂದಿಲ್ಲ. ಇಲ್ಲಿಯ ಗಾಳಗಾರರು ಮಾತ್ರ ಅದನ್ನು ಮೀನು ಎಂದೇ ಒಪ್ಪುವುದಿಲ್ಲ. ಟ್ರ್ಯಾಶ್ ಫಿಶ್, ಕಸದ ಮೀನು, ಎನ್ನುತ್ತಾರೆ. ಹೊರಗಿನಿಂದ ಬಂದದ್ದು, ತಳದ ಮಣ್ಣು ಕೆದಕುತ್ತದೆ, ನೀರು ಕೆಡಿಸುತ್ತದೆ, ಇಲ್ಲಿಯದೇ ಆದ ಮೀನುಗಳ ಅನ್ನ ಕಸಿಯುತ್ತದೆ ಎಂದು ದೂರು.

ಹೊರಗಿನಿಂದ ಬಂದದ್ದೇನೋ ನಿಜ. ಆದರೆ ತಾನಾಗಿ ಈಜಿಕೊಂಡು ಬರಲಿಲ್ಲ. ಹಿಂದಿನ ಕಾಲದಲ್ಲಿ ಈ ದೇಶದ ಸರ್ಕಾರವೇ, ಬಡವರಿಗೆ ಒಳ್ಳೆಯ ಊಟವಾದೀತು ಎಂದು ಅದನ್ನು ಯುರೋಪಿನಿಂದ ಹಡಗಿನಲ್ಲಿ ತರಿಸಿ ಊರೂರಿಗೆ ಹಂಚಿತಂತೆ. ಹೀಗೆ ಕರೆದು ತಂದು, ಆಮೇಲೆ ಯಾಕೆ ಬಂದೆ ಎಂದು ಕೇಳುವುದು ಯಾವ ನ್ಯಾಯ? ಇದನ್ನು ಓದಿದ ದಿನ ಮೈಯೆಲ್ಲ ಉರಿದು, ಸ್ಕೋಕಿಯಲ್ಲಿರುವ ಮಗಳಿಗೆ ಫೋನ್ ಮಾಡಿ ಅರ್ಧ ಗಂಟೆ ಭಾಷಣ ಮಾಡಿದೆ. ಅವಳು ಎಲ್ಲ ಕೇಳಿಸಿಕೊಂಡು, “ಅಪ್ಪಾ, ಯು ಡೂ ನೋ ದಿ ಕಾರ್ಪ್ ಈಸ್ ಯು, ರೈಟ್?” ಎಂದಳು. ಈ ಕಾಲದ ಮಕ್ಕಳಿಗೆ ಎಲ್ಲದರಲ್ಲೂ ಒಳ ಅರ್ಥ ಕಾಣುತ್ತದೆ. ನಾನು ಕಾರ್ಪ್ ಅಲ್ಲ. ನನ್ನನ್ನು ಯಾವ ಸರ್ಕಾರವೂ ಹಡಗು ಕಳಿಸಿ ಕರೆಸಲಿಲ್ಲ. ನಾನೇ ಅಪ್ಲೈ ಮಾಡಿ, ಸಾಲಿನಲ್ಲಿ ನಿಂತು ಬಂದವನು.

ಕಾರ್ಪ್ ಹಿಡಿಯುವುದು ಸುಲಭ ಎಂದುಕೊಳ್ಳಬೇಡಿ. ಅದು ಎರೆಯನ್ನು ಬಾಯಿಗೆ ಹಾಕಿಕೊಂಡು, ರುಚಿ ನೋಡಿ, ಬೇಡವೆನಿಸಿದರೆ ಉಗುಳಿ ಹೋಗುತ್ತದೆ. ಅಂಗಡಿಯಲ್ಲಿ ಸಿಗುವ ಸ್ಟ್ರಾಬೆರಿ ವಾಸನೆಯ ಉಂಡೆಗಳನ್ನು ನಮ್ಮ ಹೊಂಡದ ಕಾರ್ಪುಗಳು ತಿರುಗಿಯೂ ನೋಡಲಿಲ್ಲ. ಡಬ್ಬಿಯ ಜೋಳಕ್ಕೆ ಚಿಕ್ಕವು ಬಂದವು, ದೊಡ್ಡವು ಬರಲಿಲ್ಲ. ಒಂದು ಯುಗಾದಿಯ ಮರುದಿನ, ಉಳಿದ ಹೋಳಿಗೆಯ ಹೂರಣವನ್ನು ಫ್ರಿಜ್ಜಿನಿಂದ ಕದ್ದು, ಗಟ್ಟಿಯಾಗಿ ಉಂಡೆ ಮಾಡಿ ಗಾಳಕ್ಕೆ ಸಿಕ್ಕಿಸಿದೆ. ಗಾಳದ ದಾರಕ್ಕೆ ಕಟ್ಟಿ ತೇಲಿಬಿಟ್ಟ ಬೆಂಡು ಒಮ್ಮೆ ನಡುಗಿ, ಮುಳುಗಿ, ಕಣ್ಮರೆಯಾಯಿತು. ಕಡಲೆಬೇಳೆ, ಬೆಲ್ಲ, ಏಲಕ್ಕಿ! ನೂರಾರು ಪುಟ ಓದಿ ಸಿಗದ ವಿದ್ಯೆ ನಮ್ಮ ಅಡುಗೆಮನೆಯಲ್ಲೇ ಇತ್ತು. ಅಂದಿನಿಂದ ನಾನು ಈ ಸಬ್‌ಡಿವಿಷನ್ನಿನ, ಅಂದರೆ ನಮ್ಮ ಬಡಾವಣೆಯ, ಪ್ರಸಿದ್ಧ ಗಾಳಗಾರನಾದೆ. ಗುಟ್ಟೇನೆಂದು ಯಾರು ಕೇಳಿದರೂ ಇಂಡಿಯನ್ ಡೆಸರ್ಟ್ ಎಂದಷ್ಟೇ ಹೇಳುತ್ತಿದ್ದೆ.

ಅಡುಗೆಮನೆಯ ಒಡತಿ, ನನ್ನ ಹೆಂಡತಿ ಸುನಂದಾ, ಇದಕ್ಕೆ ಎಂದೂ ಒಪ್ಪಲಿಲ್ಲ. ಅವಳದು ಬೇರೆಯೇ ಪದ್ಧತಿ. ಚಿಕ್ಕವಳಿದ್ದಾಗ ಹುಬ್ಬಳ್ಳಿಯಿಂದ ಮನೆಮಂದಿಯೆಲ್ಲ ತುಂಗೆಯ ದಡದ ಗುಡಿಗೆ ಹೋಗುತ್ತಿದ್ದರಂತೆ. ಅಲ್ಲಿಯ ಮೀನು ದೇವರ ಮೀನು, ಯಾರೂ ಹಿಡಿಯುವಂತಿಲ್ಲ, ಮೆಟ್ಟಿಲ ಮೇಲೆ ಕೂತು ಚುರುಮುರಿ, ಅಂದರೆ ಮಂಡಕ್ಕಿ, ಹಾಕಬೇಕು. ಮಗಳು ಕಾಲೇಜಿಗೆ ಹೋದ ವರ್ಷದಿಂದ ಸುನಂದಾ ಪ್ರತಿ ಸಂಜೆ ಇಂಡಿಯನ್ ಸ್ಟೋರಿನ ಚುರುಮುರಿ ಹಿಡಿದು ಹೊಂಡದ ದಡಕ್ಕೆ ಹೋಗುತ್ತಾಳೆ. ಅವಳ ಚಪ್ಪಲಿಯ ಸಪ್ಪಳಕ್ಕೇ ಕಾರ್ಪುಗಳು ಬಾಯಿ ತೆರೆದು ಮೇಲೆ ಬರುತ್ತವೆ. ಎಲ್ಲಕ್ಕಿಂತ ದೊಡ್ಡದಕ್ಕೆ, ಬಾಲದ ತುದಿ ಹರಿದದ್ದಕ್ಕೆ, ಸಾಹುಕಾರ ಎಂದು ಹೆಸರಿಟ್ಟಿದ್ದಾಳೆ. ಮಗಳ ಫೋನು ಬಾರದ ದಿನ ಅವಳು ಯಾರೊಂದಿಗೆ ಮಾತಾಡುತ್ತಾಳೆ ಎಂಬುದು ನನಗೆ ಗೊತ್ತು. ನನ್ನೊಂದಿಗಲ್ಲ.

“ನಾ ಹೊಟ್ಟಿಗೆ ಹಾಕ್ತೀನಿ, ನೀವು ಬಾಯಿಗೆ ಚುಚ್ಚತೀರಿ,” ಎನ್ನುವುದು ನನ್ನ ಹವ್ಯಾಸದ ಬಗ್ಗೆ ಅವಳ ಒಟ್ಟು ಅಭಿಪ್ರಾಯ. ಒಮ್ಮೆ ನಾನು ಪಂಡಿತನಂತೆ, ಕಾರ್ಪಿಗೆ ಹೊಟ್ಟೆ ಎಂಬ ಅಂಗವೇ ಇಲ್ಲ, ತಿಂದದ್ದು ನೇರವಾಗಿ ಕರುಳಿಗೇ ಹೋಗುತ್ತದೆ, ಹಲ್ಲು ಕೂಡ ಗಂಟಲಲ್ಲಿದೆ ಎಂದು ವಿವರಿಸಿದೆ. “ಹೊಟ್ಟಿ ಇಲ್ಲಂದ್ರ ಹಸಿವಿ ಇಲ್ಲೇನು?” ಎಂದಳು.

ಹೀಗಿರುವಾಗ ಈ ಮೇ ತಿಂಗಳಲ್ಲಿ ಹೊಂಡದ ಸುತ್ತಲಿನ ಮನೆಗಳವರ ಕಮಿಟಿಯಿಂದ ಇಮೇಲ್ ಬಂತು. ನೀರು ರಾಡಿಯಾಗಿದೆ, ನೆಟ್ಟ ತಾವರೆಗಳು ಬೇರುಸಹಿತ ಮೇಲೆದ್ದಿವೆ, ಇದಕ್ಕೆಲ್ಲ ಕಾರ್ಪೇ ಕಾರಣ, ಬರುವ ಶನಿವಾರ ಎಲ್ಲರೂ ಗಾಳ ತಂದು ಕಾರ್ಪುಗಳನ್ನು ಹಿಡಿದು ಮುಗಿಸೋಣ, ಹಿಡಿದದ್ದನ್ನು ನೀರಿಗೆ ವಾಪಸ್ ಬಿಡುವಂತಿಲ್ಲ. ಕೊನೆಯಲ್ಲಿ ಒಂದು ನಗುವ ಮುಖ, ಹಾಟ್ ಡಾಗ್ ಉಚಿತ. ಕಮಿಟಿಯ ಅಧ್ಯಕ್ಷ ಎದುರು ದಡದ ಗ್ಯಾರಿ, ರಿಟೈರಾದ ಮನುಷ್ಯ. ಇಷ್ಟು ವರ್ಷ ಕೈ ಬೀಸುವುದರಾಚೆ ನನ್ನೊಂದಿಗೆ ಒಂದು ಮಾತಾಡಿದವನಲ್ಲ. ಅವನು ಅಂದು ನಮ್ಮ ಮನೆಯ ಬಾಗಿಲಿಗೆ ಬಂದ. ಕಾರ್ಪಿನ ವಿಷಯದಲ್ಲಿ ನಿನ್ನಷ್ಟು ಬಲ್ಲವರಿಲ್ಲ, ನೀನಿಲ್ಲದೆ ಆಗುವುದಿಲ್ಲ ಎಂದ. ಹಿಡಿದ ಮೀನನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ತನ್ನ ಗುಲಾಬಿ ಗಿಡಗಳಿಗೆ ಒಳ್ಳೆಯ ಗೊಬ್ಬರ ಎಂದು ನಕ್ಕ.

ಆ ನಗುವಿಗೇ ನನಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಆದರೆ “ನೀನಿಲ್ಲದೆ ಆಗುವುದಿಲ್ಲ” ಎಂಬ ಮಾತು ಸಿಟ್ಟಿಗಿಂತ ಮೊದಲು ಒಳಗೆ ಹೋಗಿ ಕುರ್ಚಿ ಎಳೆದುಕೊಂಡು ಕೂತುಬಿಟ್ಟಿತ್ತು. ಬರುತ್ತೇನೆ ಎಂದೆ. ಬಾಗಿಲು ಹಾಕಿ ತಿರುಗಿದರೆ ಸುನಂದಾ ನಿಂತಿದ್ದಳು.

“ಸಾಹುಕಾರನ್ನೂ ಹಿಡೀತೀರೇನು?”

“ಗಾಳಕ್ಕ ಹೆಸರ ಗೊತ್ತಿರತದೇನು? ಯಾವದು ಬರತದೋ ಅದು.”

ಶುಕ್ರವಾರ ಸಂಜೆ ನಾನು ಕೇಳದೆಯೇ ಒಂದು ಡಬ್ಬಿ ಹೂರಣ ಮಾಡಿ ಮೇಜಿನ ಮೇಲಿಟ್ಟಳು. ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಅಲ್ಲೇ ಅನುಮಾನ ಬರಬೇಕಿತ್ತು.

ಶನಿವಾರ ಬೆಳಗ್ಗೆ ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಐವತ್ತು ಡಿಗ್ರಿ, ಗಾಳಿಯಿಲ್ಲ, ತೆಳು ಮೋಡ. ಕಾರ್ಪಿಗೆ ಇದಕ್ಕಿಂತ ಒಳ್ಳೆಯ ದಿನ ಬರೆಯಿಸಿಕೊಂಡರೂ ಸಿಗದು. ದಡದ ತುಂಬ ಮಡಿಸುವ ಕುರ್ಚಿಗಳು. ಗ್ಯಾರಿ ಮೀನು ಹಾಕಲೆಂದು ದೊಡ್ಡ ಕಸದ ಡ್ರಮ್ಮುಗಳನ್ನು ಸಾಲಾಗಿ ಇಟ್ಟಿದ್ದ. ನನ್ನನ್ನು ಎಲ್ಲರಿಗೂ ಪರಿಚಯಿಸಿ ಅತಿ ಒಳ್ಳೆಯ ಜಾಗದಲ್ಲಿ ಕೂರಿಸಿದ. ನಾನು ಹೂರಣದ ಉಂಡೆ ಕಟ್ಟಿ, ನಾಲ್ಕು ಜನ ನೋಡುವಂತೆ ಗಾಳ ಎಸೆದು, ಬೆಂಡಿನ ಮೇಲೆ ಕಣ್ಣಿಟ್ಟೆ.

ಬೆಂಡು ಅಲುಗಲಿಲ್ಲ. ಒಂಬತ್ತಾಯಿತು, ಹತ್ತಾಯಿತು, ಹಾಟ್ ಡಾಗಿನ ಹೊಗೆ ಎದ್ದು ನನ್ನ ಮೂಗಿಗೇ ಬಂತು. ಬೆಂಡಿನ ಮೇಲೆ ಒಂದು ಕೊಡತಿ ಹುಳ ಬಂದು ಕೂತು ವಿಶ್ರಾಂತಿ ತೆಗೆದುಕೊಂಡಿತು. ಯಾರ ಗಾಳಕ್ಕೂ ಏನೂ ಸಿಗಲಿಲ್ಲ, ಆದರೆ ಅವರಿಗೆ ಸಿಗದಿದ್ದರೆ ಅದು ಸಹಜ. ನನಗೆ ಸಿಗದಿದ್ದರೆ ಅವಮಾನ. ಗ್ಯಾರಿ ಆಗಾಗ ಬಂದು ನನ್ನ ಡಬ್ಬಿಯನ್ನು ಮೂಸಿ ನೋಡಿ ಹೋಗುತ್ತಿದ್ದ. ನನಗೆ ಕಾರ್ಪಿನ ಮೇಲೇ ರೋಷ ಬಂತು. ನಿಮ್ಮ ಪರವಾಗಿ ಅರ್ಧ ಗಂಟೆ ಫೋನಿನಲ್ಲಿ ವಾದಿಸಿದವನು ನಾನು, ಒಮ್ಮೆಯಾದರೂ ಬಂದು ಮೂಸಿ ಹೋಗಬಾರದೆ?

ಮಧ್ಯಾಹ್ನ ಊಟಕ್ಕೆಂದು ಗರಾಜಿನೊಳಗಿಂದ ಮನೆಗೆ ಬಂದೆ. ರಿಸೈಕಲ್ ಡಬ್ಬಿಯ ಮುಚ್ಚಳ ಮುಚ್ಚಿರಲಿಲ್ಲ. ಒಳಗೆ ಚುರುಮುರಿಯ ಖಾಲಿ ಚೀಲಗಳು, ಒಂದರ ಮೇಲೊಂದು, ತುರುಕಿದ್ದು ತುರುಕಿದ ಹಾಗೆಯೇ ಉಬ್ಬಿಕೊಂಡಿದ್ದವು. ಒಂದು ಮದುವೆಯ ಮನೆಗೆ ಸಾಕಾಗುವಷ್ಟು.

“ಸುನಂದಾ!”

“ಬೆಳಕ ಹರಿಯೂದರಾಗ ಹಾಕಿ ಬಂದೆ,” ಎಂದಳು, ಸಾರಿಗೆ ಒಗ್ಗರಣೆ ಕೊಡುತ್ತ. “ನಿನ್ನೆ ರಾತ್ರಿ ಊಟ ಆದ ಮ್ಯಾಲೂ ಹಾಕಿದ್ದೆ. ಈಗ ಅವಕ್ಕ ಏನ ಕೊಟ್ರೂ ಬ್ಯಾಡ. ಹೊಟ್ಟಿ ಇಲ್ಲ ಅಂತಿದ್ರಿ ನೀವು.”

“ನನಗರ ಒಂದು ಮಾತು ಹೇಳಬಾರದೇನ? ಮುಂಜಾನಿಂದ ಎಲ್ಲಾರ ಮುಂದ ಹುಚ್ಚನಂಗ ಕೂತೀನಿ!”

“ನಿಮಗ ಹೇಳಿದ್ರ ಮಾರಿ ಮ್ಯಾಲೆ ಕಾಣಸ್ತದ. ಗ್ಯಾರಿ ಬಂದು ಕೇಳಿದ್ರ ಎಲ್ಲಾ ಒದರಿಬಿಡ್ತೀರಿ.”

ನಾನು ಉಣ್ಣದೆ ಎದ್ದು ಬಂದೆ. ಸುಮ್ಮನೆ ಅಲ್ಲ, ಬಾಗಿಲನ್ನು ಸದ್ದಾಗುವಂತೆ ಎಳೆದುಕೊಂಡೇ ಬಂದೆ. ಮೀನು ಉಳಿಯುವುದು ನನಗೆ ಬೇಡವಾಗಿರಲಿಲ್ಲ. ಗುಲಾಬಿಯ ಬುಡದಲ್ಲಿ ಸಾಹುಕಾರನನ್ನು ಊಹಿಸಿಕೊಂಡು ಎರಡು ರಾತ್ರಿ ನಿದ್ದೆ ಕೆಡಿಸಿಕೊಂಡವನು ನಾನೂ ಹೌದು. ಆದರೆ ಎಷ್ಟೋ ವರ್ಷ ಕಲಿತ ವಿದ್ಯೆ, ಎಸೆಯುವ ಕೈಚಳಕ, ಏಲಕ್ಕಿಯ ಹದ, ಎಲ್ಲವೂ ಕೆಲವು ಚೀಲ ಚುರುಮುರಿಯ ಮುಂದೆ ಮಣ್ಣುಪಾಲಾಯಿತಲ್ಲ ಎಂಬ ಸಂಕಟಕ್ಕೆ ಏನು ಹೇಳಲಿ? ಅದೂ ಸ್ವಂತ ಮನೆಯವಳಿಂದ.

ಸಂಜೆಯ ಹೊತ್ತಿಗೆ ಒಬ್ಬೊಬ್ಬರೇ ಕುರ್ಚಿ ಮಡಿಸಿಕೊಂಡು ಹೋದರು. ಗ್ಯಾರಿ ಆ ತುದಿಯಲ್ಲಿ ಖಾಲಿ ಡ್ರಮ್ಮುಗಳನ್ನು ಒಂದರೊಳಗೊಂದು ಇಡುತ್ತಿದ್ದ. ನಾನು ಹಟಕ್ಕೆ ಬಿದ್ದು ಡಬ್ಬಿಯ ತಳದ ಕೊನೆಯ ಹೂರಣವನ್ನು ಕೆರೆದು, ಜೊಂಡಿನ ಪಕ್ಕದ ನೆರಳಿಗೆ ಮೆಲ್ಲಗೆ ಇಳಿಬಿಟ್ಟೆ. ಒಂದೇ ಒಂದು, ಯಾರೂ ನೋಡದಿದ್ದರೂ ಸರಿ, ನನಗಾಗಿ ಒಂದೇ ಒಂದು ಬರಲಿ.

ಬೆಂಡು ನಡುಗಿತು. ಮುಳುಗಿತು. ಆಮೇಲೆ ದಾರ ಸುತ್ತಿದ ರೀಲು ಕಿರುಚಿದ ಸದ್ದು ನನ್ನ ಎದೆಯೊಳಗೇ ಕೇಳಿಸಿತು. ಅದು ಜೊಂಡಿಗೆ ಎಳೆಯಿತು, ನಾನು ಇತ್ತ ಎಳೆದೆ, ಅದು ತಳಕ್ಕೆ ಹೋಗಿ ಕಲ್ಲಿನ ಹಾಗೆ ಕೂತಿತು, ನಾನು ಕಾದೆ. ಕೊನೆಗೆ ದಣಿದು ಪಕ್ಕಕ್ಕೆ ವಾಲಿ ಬಂದಾಗ ಸೊಂಟಮಟ್ಟದ ನೀರಿಗಿಳಿದು ಬಲೆಯಲ್ಲಿ ಎತ್ತಿದೆ. ಎರಡೂ ಕೈಯಲ್ಲಿ ಹಿಡಿಯಲಾರದಷ್ಟು ದೊಡ್ಡದು. ಬಾಲದ ತುದಿ ಹರಿದಿತ್ತು.

ಸಾಹುಕಾರ ನನ್ನ ಮುಖ ನೋಡುತ್ತ ಬಾಯಿ ತೆರೆದು ಮುಚ್ಚಿ ಮಾಡಿದ. ಅದು ಉಸಿರಾಟವೋ, ಸುನಂದಾಳ ಮುಂದೆ ಮಾಡುವಂತೆ ಇನ್ನಷ್ಟು ಕೇಳುವುದೋ ನನಗೆ ತಿಳಿಯಲಿಲ್ಲ. ಹಿಂದೆ ಹುಲ್ಲಿನ ಮೇಲೆ ಗ್ಯಾರಿಯ ಹೆಜ್ಜೆ ಕೇಳಿಸಿತು. ಜೀವನದಲ್ಲಿ ನಾನು ಹಿಡಿದ ಅತಿ ದೊಡ್ಡ ಮೀನು, ಬೇಕೆಂದಿದ್ದ ಸಾಕ್ಷಿ ಇಪ್ಪತ್ತು ಹೆಜ್ಜೆ ದೂರದಲ್ಲಿ. ಒಂದು ಕೂಗು ಹಾಕಿದ್ದರೆ ಸಾಕಿತ್ತು. ನಾನು ತುಟಿಯಿಂದ ಗಾಳ ಬಿಡಿಸಿ, ಬಲೆಯನ್ನು ನೀರೊಳಗೇ ಬಗ್ಗಿಸಿದೆ. ಸಾಹುಕಾರ ಬಾಲದಿಂದ ನನ್ನ ಮುಖಕ್ಕೆ ನೀರೆರಚಿ ಹೋದ.

“ಎನಿ ಲಕ್?” ಎಂದ ಗ್ಯಾರಿ.

“ನಥಿಂಗ್,” ಎಂದೆ. ಸೊಂಟದವರೆಗೆ ಒದ್ದೆಯಾಗಿ, ಕೈಯಲ್ಲಿ ಬಲೆ ಹಿಡಿದು, ಏದುಸಿರು ಬಿಡುತ್ತ. “ಕಾಲು ಜಾರಿತು.”

ಗ್ಯಾರಿ ತಲೆಯಾಡಿಸಿ ನೀರಿನತ್ತ ಕೈ ತೋರಿಸಿದ. ನಿನ್ನಂಥವನಿಗೇ ಇಡೀ ದಿನ ಒಂದೂ ಸಿಗಲಿಲ್ಲವೆಂದರೆ ಇದರಲ್ಲಿ ಕಾರ್ಪ್ ಉಳಿದೇ ಇಲ್ಲ, ತಾವರೆ ಕಿತ್ತದ್ದು ಬಾತುಗಳೇ ಇರಬೇಕು, ಕಮಿಟಿಗೆ ಹಾಗೆಯೇ ಹೇಳುತ್ತೇನೆ ಎಂದ. ಈ ಲೋಕದ ಗಾಳಗಾರರೆಲ್ಲ ಹಿಡಿಯದ ಮೀನನ್ನು ಹಿಡಿದೆವೆಂದು ಸುಳ್ಳು ಹೇಳುತ್ತಾರೆ. ಹಿಡಿದದ್ದನ್ನು ಹಿಡಿಯಲಿಲ್ಲವೆಂದು ಸುಳ್ಳು ಹೇಳುವ ಗತಿ ನನಗೊಬ್ಬನಿಗೇ ಬಂತು. ಅನ್ಯಾಯ ನೋಡಿ, ಅದನ್ನು ಅವನು ತಕ್ಷಣ ನಂಬಿದ.

ಮನೆಗೆ ಬಂದು ಸುನಂದಾಳಿಗೆ ನಿಜ ಹೇಳಿದೆ. ಕೈ ಅಗಲಿಸಿ ಉದ್ದವನ್ನೂ ತೋರಿಸಿದೆ. ಅವಳು ಟವೆಲ್ ಕೊಡುತ್ತ, “ಹೌದ್ಹೌದು, ಮೀನ ಹಿಡಿಯವರು ಎಲ್ಲಾರೂ ಹಿಂಗ ಅಂತಾರ. ಫೋಟೋ ಎಲ್ಲಿ?” ಎಂದಳು. ಮುಂಜಾನೆಯಿಂದ ತಡೆದಿಟ್ಟಿದ್ದ ರೋಷವೆಲ್ಲ ಒಮ್ಮೆಲೇ ಹೊರಬಂತು. ಹೊಂಡ ನನ್ನ ವಿದ್ಯೆಯನ್ನು ನಂಬಲಿಲ್ಲ, ಹೆಂಡತಿ ನನ್ನ ಬಾಯಿಯನ್ನು ನಂಬಲಿಲ್ಲ, ನಂಬಿದ್ದು ನನ್ನ ಸುಳ್ಳನ್ನು ಮಾತ್ರ ಎಂದು ಕೂಗಾಡಿದೆ. ಅವಳು ಬಿಸಿ ಸಾರು ಬಡಿಸಿದಳು. ಉಂಡೆ.

ಮರುದಿನ ಸಂಜೆ ಅವಳ ಹಿಂದೆ ನಾನೂ ದಡಕ್ಕೆ ಹೋದೆ. ಚಪ್ಪಲಿಯ ಸಪ್ಪಳಕ್ಕೆ ಎಲ್ಲವೂ ಬಂದವು, ಸಾಹುಕಾರನೂ ಬಂದ. ಬಾಯಿ ತೆರೆದ. ಆಗ ಅವಳ ಪಕ್ಕದಲ್ಲಿ ನಿಂತ ನನ್ನ ನೆರಳು ನೀರಿನ ಮೇಲೆ ಬಿತ್ತು. ಹರಿದ ಬಾಲವೊಂದು ಫಟ್ ಎಂದು ನೀರು ಬಡಿದು ತಳಕ್ಕೆ ಹೋಯಿತು. ಮಿಕ್ಕವೆಲ್ಲ ತಿನ್ನುತ್ತಲೇ ಇದ್ದವು.

ಸುನಂದಾ ನೀರನ್ನು ನೋಡಿದಳು, ನನ್ನನ್ನು ನೋಡಿದಳು. “ನಿಮ್ಮನ್ನ ನೋಡಿ ಯಾಕ ಓಡಿತು ಅದು?”

“ಅದನ್ನ ನಿನ್ನೆಯಿಂದ ಹೇಳ್ಲಿಕ್ಕತ್ತೀನಿ.”

ಅವಳು ಚೀಲದಿಂದ ಒಂದು ಹಿಡಿ ಚುರುಮುರಿ ತೆಗೆದು ನನ್ನ ಬೊಗಸೆಗೆ ಹಾಕಿದಳು. “ತೊಗೋರಿ. ತಪ್ಪಾತು ಅಂತ ಹೇಳಿ ನೀವ ಹಾಕ್ರಿ.”

ನಾನು, ಅವನನ್ನು ಗುಲಾಬಿಯ ಬುಡದಿಂದ ಉಳಿಸಿದವನು, ಅವನಿಗೆ ತಪ್ಪಾಯಿತು ಎನ್ನಬೇಕಂತೆ! ಆದರೂ ಹಾಕಿದೆ. ಅಂದಿನಿಂದ ದಿನವೂ ಹಾಕುತ್ತಿದ್ದೇನೆ. ಗಾಳ ಗರಾಜಿನಲ್ಲಿ ಧೂಳು ತಿನ್ನುತ್ತಿದೆ. ಮಿಕ್ಕ ಮೀನುಗಳು ನನ್ನ ಕಾಲಬುಡಕ್ಕೇ ಬರುತ್ತವೆ, ಸಾಹುಕಾರ ಮಾತ್ರ ನನ್ನ ಕೈಯ ಚುರುಮುರಿ ಮುಟ್ಟುವುದಿಲ್ಲ, ದೂರದಲ್ಲಿ ಮೀಸೆ ತೋರಿಸಿ ನಿಲ್ಲುತ್ತಾನೆ. ಅವನಿಗೆ ನಾನೊಬ್ಬ ಹಿಡಿದವನು, ಅಷ್ಟೇ. ಬಿಟ್ಟವನೂ ನಾನೇ ಎಂದು ಅವನಿಗೆ ಯಾರು ಹೇಳಬೇಕು?